ಬತ್ತೀನಿ ಅನ್ನದೆ ಹೊರಟ ದಿನ

"ಕೈ ನನ್ ಹೆಗಲ ಮೇಲೆ ಹಾಕ್ಕೊ. ಆತುರ ಬೇಡ ಕಣೋ."

ದೇವನೂರು ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು. ಸರಿಯಾಗಿ ಬೆಳಕು ಹರಿದಿಲ್ಲ. ಮಂಚದ ಅಂಚಿಗೆ ಮೊಣಕಾಲೂರಿ ಅನಿತಾ ಹೊನ್ನೇಶನ ಮಗ್ಗಲು ಬದಲಿಸುತ್ತಿದ್ದಾರೆ. ತೆಂಗಿನಮರದಿಂದ ಬಿದ್ದ ಮೇಲೆ ಅವನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಮೊಣಕಾಲುಗಳ ನಡುವೆ ದಿಂಬು ಇಟ್ಟು, ಹಿಮ್ಮಡಿ, ಬೆನ್ನಿನ ಬುಡವನ್ನೆಲ್ಲ ಟಾರ್ಚ್ ಬಿಟ್ಟು ನೋಡುತ್ತಾರೆ. ಚರ್ಮ ಎಲ್ಲಾದರೂ ಕೆಂಪಗಾಗಿದ್ದರೆ ಅದು ನಾಳೆಯ ಹುಣ್ಣು. ಉರಿ, ನೋವು ಅವನಿಗೆ ಗೊತ್ತಾಗುವುದಿಲ್ಲವಾದ್ದರಿಂದ ಇನ್ನೊಬ್ಬರ ಕಣ್ಣೇ ಬೇಕು.

ಹಾಸಿಗೆ ಹಿಡಿದ ಅಂಗವಿಕಲರ ಮನೆಗೇ ಹೋಗಿ ಆರೈಕೆ ಮಾಡುವುದು ಅನಿತಾರ ಕೆಲಸ. ಕಳಿಸುವುದು ಕಡೂರಿನ ಒಂದು ಪುಟ್ಟ ಸಂಸ್ಥೆ. ಒಂದು ದಿನ ಈ ಕಡೆ, ಒಂದು ದಿನ ತರೀಕೆರೆ ದಾಟಿ ಲಿಂಗದಹಳ್ಳಿ, ಮತ್ತೊಂದು ದಿನ ಅಜ್ಜಂಪುರ. ದಿನಕ್ಕೆ ಮೂರೋ ನಾಲ್ಕೋ ಮನೆ. ಹೀಗೊಬ್ಬರು ಇದ್ದಾರೆಂದು ಆ ಮನೆಯವರನ್ನು ಬಿಟ್ಟರೆ ಬಸ್ಸಿನ ಕಂಡಕ್ಟರುಗಳಿಗಷ್ಟೇ ಗೊತ್ತು. ಅವರ ಪಾಲಿಗೆ ಈಕೆ ನರ್ಸಮ್ಮ. "ನಾನು ನರ್ಸು ಓದಿಲ್ಲ ಕಣ್ರಪ್ಪ ಅಂದ್ರೂ ಕೇಳಲ್ಲ. ಸೀಟು ಕೊಡ್ತಾರಲ್ಲ, ಅದಕ್ಕೆ ನಾನೂ ಸುಮ್ಮನಾದೆ" ಎಂದು ನಗುತ್ತಾರೆ.

ಓದಿದ್ದು ಮನೆಯಲ್ಲೇ. ಎರಡೂ ಕಾಲು ಸೊರಗಿದ್ದ ಅಕ್ಕನನ್ನು ಎತ್ತಿ ಕೂರಿಸಿ, ಮೀಸಿ, ತಲೆ ಬಾಚಿ ಬೆಳೆದವರು ಅನಿತಾ. ನೋಡಲು ಬಂದ ಗಂಡಿನ ಕಡೆಯವರಿಗೆ, "ನನ್ ಜೊತೆ ಅಕ್ಕನೂ ಬತ್ತಾಳೆ" ಅನ್ನುತ್ತಿದ್ದರು. ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಎದ್ದು ಹೋಗುತ್ತಿದ್ದರು. ಈಗ ಅಕ್ಕ ಇಲ್ಲ. ಕಡೂರಿನ ಬಾಡಿಗೆ ಕೋಣೆಗೆ ಬೀಗ ಹಾಕುವಾಗ ಒಳಗೆ ಯಾರೂ ಇಲ್ಲದಿದ್ದರೂ "ಬತ್ತೀನಿ" ಅನ್ನುವ ಅಭ್ಯಾಸ ಮಾತ್ರ ಉಳಿದಿದೆ.

ವಿಚಿತ್ರವೆಂದರೆ ಕೆಲಸಕ್ಕೆ ಹೋದ ಮನೆಗಳಲ್ಲಿ ಆ ಮಾತನ್ನು ಅವರು ಆಡುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಂಪುರದ ಹತ್ತಿರ ಒಬ್ಬ ಮುದುಕಿ ಹೊಸಿಲಲ್ಲೇ ತಡೆದಿದ್ದರು. "ಬತ್ತೀನಿ ಅಂದ್ಬಿಡ್ಬೇಡ ಕಣವ್ವ. ಇಂಥ ಕೆಲ್ಸಕ್ಕೆ ಮತ್ತೆ ಬರೋ ಹಂಗಾಗ್ಬಾರ್ದು." ಸಾವಿನ ಮನೆಯಿಂದ ಹೇಳದೆ ಏಳುತ್ತೇವಲ್ಲ, ಹಾಗೆ. ಅನಿತಾಗೆ ಚುರುಕ್ಕೆಂದಿತು. ಆದರೂ ಅವರವರ ನಂಬಿಕೆ ಎಂದುಕೊಂಡು, ಅಂದಿನಿಂದ ಎಲ್ಲ ಮನೆಗಳಿಂದಲೂ ಸದ್ದಿಲ್ಲದೆ ಹೊರಡತೊಡಗಿದರು.

ಎಡವಟ್ಟಾದದ್ದು ಈ ಮನೆಯಲ್ಲಿ. ಹೋದ ಮಾಗಿಯ ಒಂದು ಬೆಳಿಗ್ಗೆ ಹೊನ್ನೇಶನನ್ನು ಗೋಡೆಯ ಕಡೆ ಮಗ್ಗಲು ಮಾಡಿ ಮಲಗಿಸಿದರು. ತಾನಾಗಿ ಅವನು ತಿರುಗಲಾರ. ಹಿಂದೆ ಚೀಲ ಕಟ್ಟಿಕೊಳ್ಳುವ ಸದ್ದು ಅವನಿಗೆ ಕೇಳುತ್ತಿತ್ತು. ಬಸ್ಸಿನ ಹಾರನ್ ಕೇಳಿತೆಂದು ಅನಿತಾ ಎಂದಿನಂತೆ ಮಾತಿಲ್ಲದೆ ಹೊರಟುಬಿಟ್ಟರು. ಅವರಿನ್ನೂ ಹಿಂದೆಯೇ ಇದ್ದಾರೆಂದುಕೊಂಡು ಅದೇ ಹೊತ್ತಿಗೆ ಅವನು ಬಾಯಿ ತೆರೆದ. ಮರದಿಂದ ಬಿದ್ದ ದಿನದ ಕಥೆ. ಯಾರು ಕೇಳಿದರೂ ಹೇಳದೆ ನುಂಗಿಕೊಂಡಿದ್ದ ಕಥೆ. ಹಾಲು ಕರೆದು ಒಳಗೆ ಬಂದ ತಾಯಿ ಸಾವಿತ್ರಮ್ಮನಿಗೆ ಮಗನ ಬೆನ್ನು ಕಂಡಿತು, ಮಾತು ಕೇಳಿತು.

"ಯಾರತ್ರ ಮಾತಾಡ್ತಿದ್ದೀಯೋ? ಅವಳು ಹೋಗಿ ಎಷ್ಟೊತ್ತಾಯ್ತು!"

ಮುಂದಿನ ಸಲ ಹೋದಾಗ ಹೊನ್ನೇಶ ಮೈ ಒಪ್ಪಿಸಿದ, ಮಾತು ಒಪ್ಪಿಸಲಿಲ್ಲ. ಕೇಳಿದ್ದಕ್ಕೆಲ್ಲ ಬರೀ "ಹ್ಞೂಂ". ನಡೆದದ್ದನ್ನು ಸಾವಿತ್ರಮ್ಮ ಹಿತ್ತಲಲ್ಲಿ ಮೆಲ್ಲಗೆ ಹೇಳಿದರು. "ಪೂರ್ತಿ ನಂಗೂ ಕೇಳಿಸ್ಲಿಲ್ಲ ಕಣವ್ವ. ನನ್ ನೋಡಿ... ಅಲ್ಲ, ನನ್ ದನಿ ಕೇಳಿ ಬಾಯಿ ಮುಚ್ಕೊಂಡ." ಅಂದು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತ ಅನಿತಾ ಕಡೂರು ಬರುವವರೆಗೂ ಅತ್ತರಂತೆ. "ನನ್ ಅಕ್ಕನೂ ಗೋಡೆ ಕಡೆ ಮಲಗ್ತಿದ್ಲು. ನಂಗೆ ಗೊತ್ತಾಗ್ಬೇಕಿತ್ತು" ಅನ್ನುತ್ತಾರೆ.

ಆಮೇಲೆ ಮುದುಕಿಯ ಮಾತಿಗೆ ಅವರು ಬೆಲೆ ಕೊಡಲಿಲ್ಲ. ಈಗ ಪ್ರತಿ ಮನೆಯಲ್ಲೂ ಮಲಗಿದವರ ಮುಖದ ಎದುರಿಗೆ ಬಗ್ಗಿ, ಕಣ್ಣಿಗೆ ಕಣ್ಣು ಕೊಟ್ಟು, "ಬತ್ತೀನಿ" ಎಂದೇ ಹೊರಡುತ್ತಾರೆ. ಲಿಂಗದಹಳ್ಳಿಯ ಒಂದು ಮನೆಯವರು ಮುಖ ಗಂಟಿಕ್ಕಿದರು. ಇಕ್ಕಲಿ ಬಿಡಿ. ಹೊನ್ನೇಶನಿಗೂ ಬಂದಾಗಲೆಲ್ಲ ತಪ್ಪದೆ ಹೇಳುತ್ತಾರೆ. ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ.

ಇಂದೂ ಅವನ ಮುಖ ಗೋಡೆಯ ಕಡೆಗೇ ಇದೆ, ಬಲ ಮಗ್ಗಲಿಗೆ ಬಿಡುವು ಬೇಕು. ಅನಿತಾ ಕೈ ತೊಳೆದು ಜಗುಲಿಗೆ ಬಂದಿದ್ದಾರೆ. ಸಾವಿತ್ರಮ್ಮ ಕೊಟ್ಟ ಕಾಫಿ ಕೈಯಲ್ಲಿದೆ. ನಿಮ್ಮ ಆಸೆ ಏನೆಂದು ಕೇಳಿದರೆ ಲೋಟ ಪಕ್ಕಕ್ಕಿಟ್ಟು ಒಳಗಿನ ಮಂಚದ ಕಡೆ ನೋಡುತ್ತಾರೆ.

"ದೊಡ್ಡದೇನಿಲ್ಲ. ಆ ಗೋಡೆಗೆ ಹೇಳಿದ್ನಲ್ಲ, ಅದನ್ನ ನಂಗೊಂದ್ಸಲ ಹೇಳ್ಲಿ. ನಾನೇನೂ ಮಾಡಕ್ಕಾಗಲ್ಲ. ಕೇಳಿಸ್ಕೊಬೋದು, ಅಷ್ಟೇ."

ಊರ ಮುಂದೆ ಬಸ್ಸು ಹಾರನ್ ಮಾಡುತ್ತದೆ. ಅನಿತಾ ಚೀಲ ಹೆಗಲಿಗೇರಿಸಿ, ಹೇಳಿ ಬರಲು ಒಳಕ್ಕೆ ತಿರುಗುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು.

"ಅಕ್ಕ... ಹೋಗ್ಬಿಟ್ಯಾ?"

ಬಸ್ಸು ಇನ್ನೊಮ್ಮೆ ಕೂಗಿ ಹೊರಟುಹೋಗುತ್ತದೆ. ಅನಿತಾ ಚೀಲವನ್ನು ಹೊಸಿಲ ಪಕ್ಕ ಇಳಿಸುತ್ತಾರೆ.

"ಇಲ್ಲ ಕಣೋ, ಇಲ್ಲೇ ಇದೀನಿ. ಬತ್ತೀನಿ ಅಂದಿಲ್ವಲ್ಲ ಇನ್ನೂ."