ಫಿಲಿಪೈನ್ಸ್ ಚರ್ಚೆ ಮತ್ತು ನನ್ನ ಸಿಟಿಜನ್‌ಶಿಪ್

ಅಮೆರಿಕದ ನಮ್ಮೂರು ಮನ್ರೋದ ಹೈಸ್ಕೂಲಿನಲ್ಲಿ ಆ ಶನಿವಾರ ಚರ್ಚಾಸ್ಪರ್ಧೆ. ನೂರು ವರ್ಷಕ್ಕೂ ಹಿಂದೆ ಸ್ಪೇನನ್ನು ಸೋಲಿಸಿದ ಅಮೆರಿಕ, ಫಿಲಿಪೈನ್ಸನ್ನು ತನ್ನದಾಗಿಸಿಕೊಂಡದ್ದು ಸರಿಯೇ ತಪ್ಪೇ ಎಂಬುದು ವಿಷಯ. ಯಾರು ಯಾವ ಪಕ್ಷ ಎಂಬುದನ್ನು ಅಲ್ಲೇ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ನನ್ನ ಮಗಳಿಗೆ ತಪ್ಪು ಎನ್ನುವ ಪಕ್ಷ ಬಂತು.

ಮುಂದಿನ ವಾರ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇತ್ತು. ಮಗಳು ಇಲ್ಲೇ ಹುಟ್ಟಿದವಳು, ಅವಳಿಗೇನು ಭಯ? ನಾನೋ, ಹಳದಿ ದೀಪ ಕಂಡರೂ ಬ್ರೇಕ್ ಒತ್ತುವವಳು. ಇಮಿಗ್ರೇಶನ್‌ನವರು ಯಾರ ಫೋನಿನಲ್ಲಿ ಏನು ಹುಡುಕಿದರು, ಅಮೆರಿಕವನ್ನು ಟೀಕಿಸಿದ ಯಾವ ಪೋಸ್ಟಿನಿಂದ ಯಾರ ಅರ್ಜಿ ನಿಂತಿತು, ನಮ್ಮ ಕನ್ನಡದ ಮನೆಗಳಲ್ಲಿ ಈಗ ಊಟದ ಹೊತ್ತಿಗೂ ಅದೇ ಮಾತು. ಅದರಲ್ಲಿ ನಿಜವೆಷ್ಟೋ ನನಗೆ ಗೊತ್ತಿಲ್ಲ. ಆದರೂ ನಿದ್ದೆ ಕೆಡುತ್ತಿತ್ತು.

ನಮ್ಮ ಮಕ್ಕಳು ಯಾವ ವೇದಿಕೆ ಹತ್ತಿದರೂ ವೀಡಿಯೊ ತೆಗೆದು ಕನ್ನಡದವರ ಗ್ರೂಪಿಗೆ ಹಾಕುವುದು ಧಾರವಾಡದ ಅಂಕಲ್ ಒಬ್ಬರು ತಾವಾಗಿಯೇ ವಹಿಸಿಕೊಂಡ ಕೆಲಸ. ಅಂದೂ ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಬಗ್ಗಿದೆ.

"ಅಂಕಲ್, ಇವತ್ತೊಂದಿನ ವೀಡಿಯೊ ಬೇಡ. ನೆಕ್ಸ್ಟ್ ವೀಕ್ ನನ್ನ ಇಂಟರ್‌ವ್ಯೂ ಇದೆ."

"ಸಾಲಿ ಹುಡುಗಿ ಮಾತಾಡಿದ್ರ ಯಾರ್ ಏನ್ ಮಾಡ್ತಾರ್ರೀ? ಕೂಡ್ರಿ, ಚಲೋ ಮಾತಾಡ್ತಾಳ ನಿಮ್ಮ ಮಗಳು."

ಫೋನ್ ಇಳಿಸಲಿಲ್ಲ. ಸಿಟ್ಟು ಬಂತು, ಆದರೆ ಜಗಳವಾಡಲೂ ಧೈರ್ಯ ಬೇಕಲ್ಲ. ಅವರ ಹಿಂದೆಯೇ ಕೂತೆ.

ಎದುರು ಪಕ್ಷದ ಹುಡುಗ, ಆ ದ್ವೀಪದವರಿಗೆ ತಮ್ಮನ್ನು ತಾವೇ ಆಳಿಕೊಳ್ಳುವ ಯೋಗ್ಯತೆ ಇನ್ನೂ ಬಂದಿರಲಿಲ್ಲ ಎಂದ. ಶಾಲೆ, ರಸ್ತೆ ಎಲ್ಲ ಅಮೆರಿಕದ ಕೊಡುಗೆ ಎಂದ. ಇಂಥದ್ದನ್ನೇ ನಮ್ಮ ತಾತಂದಿರೂ ಬ್ರಿಟಿಷರ ಬಾಯಲ್ಲಿ ಕೇಳಿದ್ದರು. ಆದರೂ ಅವನೇ ಗೆಲ್ಲಲಿ ಎಂದು ನಾನು ಮನಸ್ಸಿನಲ್ಲೇ ಹರಸಿದೆ.

ಮಗಳು ಚೆನ್ನಾಗಿಯೇ ಶುರು ಮಾಡಿದಳು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಜನರನ್ನು ಒಂದು ಮಾತೂ ಕೇಳದೆ ಸೋತ ಸ್ಪೇನಿಗೆ ದುಡ್ಡು ಕೊಟ್ಟು ಕೊಂಡುಕೊಂಡರು ಎಂದಳು. ದನಿ ಏರತೊಡಗಿತು. ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿತ್ತು. ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಅವಳು ಮಾತು ನಿಲ್ಲಿಸಿದಳು, ಥ್ಯಾಂಕ್ಸ್ ಎಂದಳು, ಸಮಯ ಉಳಿದಿದ್ದರೂ ಹೋಗಿ ಕೂತುಬಿಟ್ಟಳು. ಹುಡುಗ ಗೆದ್ದ. ನನಗೆ ಹಾಯೆನಿಸಿತು. ಹೆತ್ತ ಮಗಳು ಸೋತದ್ದಕ್ಕೆ.

ಮನೆಗೆ ಡ್ರೈವ್ ಮಾಡುತ್ತ ಕೇಳಿದೆ: "ಮಧ್ಯದಲ್ಲೇ ಯಾಕೆ ನಿಲ್ಲಿಸ್ದೆ?"

"ಯು ಲುಕ್ಡ್ ಸ್ಕೇರ್ಡ್, ಅಮ್ಮಾ. ಸೋ ಐ ಸ್ಕಿಪ್ಡ್ ದ ಎಂಡಿಂಗ್."

"ಏನಿತ್ತು ಅದ್ರಲ್ಲಿ?"

ಅವಳು ಅದನ್ನು ಇಂಗ್ಲಿಷಿನಲ್ಲೇ ಹೇಳಿದಳು, ಈ ಸಲ ಪೂರ್ತಿಯಾಗಿ. ಅಲ್ಲಿ ಅಮೆರಿಕದ ಬಾವುಟ ಹಾರಿತು, ಆದರೆ ಅಲ್ಲಿಯವರನ್ನು ಪ್ರಜೆಗಳೆಂದು ಸೇರಿಸಿಕೊಳ್ಳಲಿಲ್ಲ. ಸ್ವಾತಂತ್ರ್ಯ ಬೇಕೆಂದು ಬಾಯಿ ಬಿಟ್ಟರೆ ಜೈಲು ಎಂಬ ಕಾನೂನು ತಂದರು. ಹೆದರಿ ಸುಮ್ಮನಿದ್ದವರನ್ನು ನೋಡಿ, ಇವರು ಸುಖವಾಗಿದ್ದಾರೆ ಎಂದುಕೊಂಡರು.

"ತುಂಬಾ ಚೆನ್ನಾಗಿದೆ ಕಣೇ" ಎಂದೆ. ಹಾಗೆನ್ನುತ್ತಲೇ ತೆರೆದಿದ್ದ ಅವಳ ಕಡೆಯ ಕಿಟಕಿಯ ಗಾಜು ಏರಿಸುತ್ತಿದ್ದೆ.