ತೊಳೆಯದ ದ್ರಾಕ್ಷಿ

ಜಾಡಿಗೆ ಕಿವಿ ಹಚ್ಚಿದರೆ ಕೇಳುತ್ತಿದ್ದ ಸದ್ದು ಈಗಲೂ ನನ್ನೊಳಗಿದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಏಳುವ ಸುಯ್ ಎನ್ನುವ ಸದ್ದೇ, ಆದರೆ ಎಷ್ಟೋ ಮೆಲ್ಲಗೆ. 1954ರ ಮಾರ್ಚ್ ತಿಂಗಳಲ್ಲಿ ಮೂರು ದಿನ ಕಾದರೂ ಅದು ಕೇಳಲಿಲ್ಲ.

ನಾನಾಗ ಗಜೇಂದ್ರಗಡದ ಒಂದು ಸಣ್ಣ ಮಿಷನ್ ಶಾಲೆಯ ಸೈನ್ಸ್ ಟೀಚರ್. ಕಾನ್ವೆಂಟಿನಲ್ಲಿ ಕಲಿತ ಕೆಮಿಸ್ಟ್ರಿಯ ದೆಸೆಯಿಂದ ಇನ್ನೊಂದು ಕೆಲಸವೂ ಕೊರಳಿಗೆ ಬಿದ್ದಿತ್ತು: ಚರ್ಚಿನ ಪೂಜೆಗೆ ಬಿಳಿ ವೈನ್ ತಯಾರಿಸುವುದು. ನಾವಾಗ ಮುಂಬಯಿ ರಾಜ್ಯದಲ್ಲಿದ್ದೆವು, ಪಾನನಿರೋಧದ ಕಾಲ. ಪೂಜೆಗೆಂದು ಸಿಕ್ಕಿದ್ದ ಪರ್ಮಿಟ್ಟಿನಲ್ಲಿ ಒಂದೇ ತೋಟದ ಹೆಸರಿತ್ತು, ರಾಜೂರಿನ ಗಂಗವ್ವನದು.

ಗಂಗವ್ವ ಗಂಡನಿಲ್ಲದ ಹೆಂಗಸು. ಒಂದು ಬಾವಿ, ಒಂದು ಚಪ್ಪರ ಬಿಳಿ ದ್ರಾಕ್ಷಿ, ಅಷ್ಟೇ ಆಕೆಯ ಆಸ್ತಿ. ಬಳ್ಳಿ ಕಿತ್ತು ಹತ್ತಿ ಹಾಕಬೇಕೆಂದು ಮೈದುನ ಆ ವರ್ಷ ಹಟ ಹಿಡಿದಿದ್ದ. ಹಣ್ಣು ಔಷಧಕ್ಕೆ ಹೋಗುತ್ತದೆಂದೇ ಆಕೆ ತಿಳಿದಿದ್ದಳು. ಧೈರ್ಯ ಬರಲೆಂದು ನಾನೇ ಹೇಳಿದೆ, "ಇದು ನಮ್ಮ ದೇವರ ಪೂಜಿಗೆ ಹೋಗತೈತಿ, ಗಂಗವ್ವಾ." ಅದನ್ನೇ ಆಕೆ ಮೈದುನನ ಮುಂದೆ ಗುರಾಣಿಯಂತೆ ಹಿಡಿದಳು.

ಬಿಳಿ ವೈನಿನ ವಿಧಾನ ಸರಳ. ಹಣ್ಣು ಹಿಂಡಿದ ಕೂಡಲೇ ಸಿಪ್ಪೆ, ಬೀಜ ಬೇರೆ ಮಾಡಿ ರಸವನ್ನಷ್ಟೇ ಜಾಡಿಗೆ ತುಂಬಬೇಕು. ಹಣ್ಣಿನೊಂದಿಗೇ ಬರುವ ಯೀಸ್ಟ್ ಸಕ್ಕರೆಯನ್ನು ತಿಂದು ಹುದುಗು ಎಬ್ಬಿಸುತ್ತದೆ. ಆ ಸಲ ರಸ ಸುಮ್ಮನೆ ಕೂತಿತು. ವಯಸ್ಸಾದ ನಮ್ಮ ಫಾದರ್ ಇಣುಕಿ ನೋಡಿ, "ಇದು ಕೆಟ್ಟರೆ ಮುಂದಿನ ವರ್ಷದಿಂದ ಮುಂಬಯಿಯಿಂದಲೇ ತರಿಸೋಣ, ಟೀಚರ್" ಎಂದರು. ಹಾಗಾದರೆ ಗಂಗವ್ವನ ಬಳ್ಳಿಗಳ ಕಥೆ ಅಲ್ಲಿಗೆ ಮುಗಿದಂತೆ.

ಮರುದಿನ ಬೆಳಿಗ್ಗೆಯೇ ರಾಜೂರಿಗೆ ಹೋದೆ.

"ಈ ಸಲ ಹಣ್ಣಿಗೆ ಏನರ ಮಾಡೀಯೇನ?"

"ದೇವರಿಗಂತ ನೀವ ಹೇಳಿದ್ರೆಲ್ಲರಿ ಅಕ್ಕಾರ. ಮಡೀಲೆ, ಬಿಸಿನೀರಾಗ ಅರಿಶಿಣ ಹಾಕಿ, ಒಂದೊಂದ ಗೊಂಚಲಾ ಅದ್ದಿ ತೊಳದೇನ್ರಿ. ಮ್ಯಾಲ ಬೂದಿ ಬೂದಿ ಇರತೈತೆಲ್ಲ, ಎಲ್ಲಾ ತೆಗದ ಕನ್ನಡಿ ಮಾಡಿ ಕಳಿಸೇನಿ."

ನಾನು ಬಾವಿಯ ಕಟ್ಟೆಯ ಮೇಲೆ ಕೂತೆ. "ಹೆಪ್ಪ ಆ ಬೂದಿಯೊಳಗ ಇರತೈತಿ, ಗಂಗವ್ವಾ. ಹೆಪ್ಪ ಹಾಕಲಿಲ್ಲಂದ್ರ ಹಾಲು ಮಸರ ಆಕ್ಕೈತೇನ?"

"ಅಯ್ಯ ಶಿವನ! ಹೆಪ್ಪ ತೊಳದ ಕಳಿಸಿದ್ನ್ಯಾ?"

ಹತ್ತಿರವೇ ನಿಂತಿದ್ದ ಮೈದುನ ನಕ್ಕ. "ಹತ್ತಿ ಹಾಕಿದ್ರ ತೊಳಿಯೂ ತ್ರಾಸರ ತಪ್ಪತಿತ್ತ ನೋಡ!"

ಚಪ್ಪರದಲ್ಲಿ ನಾಲ್ಕು ಗೊಂಚಲು ಉಳಿದಿದ್ದವು. ಅವನ್ನು ತೊಳೆಯದೆ ಕೊಡೆಂದೆ. ಆದರೆ ಆಕೆಯ ಕೈ ಏಳಲಿಲ್ಲ. "ತೊಳೀಲಾರದ್ದು ದೇವರಿಗೆ ಹ್ಯಾಂಗ ಕೊಡ್ಲೆರಿ?"

"ಆಕಳ ಕೆಚ್ಚಲ ತೊಳೀತಿ, ಖರೇ. ಹಾಲ ತೊಳೀತೀಯೇನ?"

"ಸಾಲಿ ಕಲಿಸೂ ಅಕ್ಕಾರ ಜೋಡಿ ವಾದ ಹಾಕಬಾರದ್ರಿ" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಪ್ಪರಕ್ಕೆ ಕೈ ಹಾಕಿದಳು.

ಆ ಹಣ್ಣನ್ನು ಹಿಸುಕಿ ಒಂದು ತಂಬಿಗೆಯಲ್ಲಿ ಇಟ್ಟೆ. ಮೂರನೆಯ ದಿನ ನೊರೆ ಎದ್ದಿತು. ಜಾಡಿಗೆ ಸುರಿದೆ. ಮರುದಿನ ಸಂಜೆ ಕಿವಿ ಹಚ್ಚಿದಾಗ, ಸುಯ್!

ಮಳೆಗಾಲದ ಹೊತ್ತಿಗೆ ವೈನ್ ತಿಳಿಯಾಯಿತು. ಅರಿಶಿಣದ ಛಾಯೆ ಮಾತ್ರ ಉಳಿದಿತ್ತು. ಪರೀಕ್ಷೆಗೆಂದು ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡೆ. ಪೇರಲದ ವಾಸನೆ, ಎಳೆ ಮಾವಿನ ಹುಳಿ, ಕೊನೆಗೆ ಒದ್ದೆ ಸುಣ್ಣಕಲ್ಲಿನಂಥದ್ದೇನೋ. ಗಂಗವ್ವ ಹನಿ ಸಹ ಮುಟ್ಟಿದವಳಲ್ಲ. ಆದರೂ ನಾನು ಹೇಳಿದ್ದನ್ನೆಲ್ಲ ಕೇಳಿ ತೀರ್ಪು ಕೊಟ್ಟಳು: "ಹಾಂಗಾರ ಬಿಸಿ ರೊಟ್ಟಿ, ಬೆಣ್ಣಿ, ಹೆಸರಕಾಳ ಉಸಳಿ ಚಲೋ ಹೊಂದತಾವ್ರಿ. ಎಣ್ಣಿಗಾಯಿ ಬ್ಯಾಡ, ಖಾರ ಅದನ್ನ ನುಂಗಿಬಿಡತೈತಿ." ಎಷ್ಟೋ ವರ್ಷಗಳ ನಂತರ, ಪರವೂರಿನ ದೊಡ್ಡ ಡಿನ್ನರ್‌ಗಳಲ್ಲಿ ವೈಟ್ ವೈನ್ ಕುಡಿದಾಗೆಲ್ಲ ಅನಿಸಿದೆ, she was perfectly right.

ಪರ್ಮಿಟ್ ಉಳಿಯಿತು, ಬಳ್ಳಿಯೂ ಉಳಿಯಿತು. ತಪ್ಪು ಆಕೆಯದೆಂದು ಪರ್ಮಿಟ್ಟಿನ ವಾರ್ಷಿಕ ರಿಪೋರ್ಟಿನಲ್ಲಿ ಬರೆಯಲು ಹೊರಟವಳು ಪೆನ್ನು ಕೆಳಗಿಟ್ಟೆ. ಹಣ್ಣು ಎಲ್ಲಿಗೆ ಹೋಗುತ್ತದೆಂದು ಹೇಳಿದ್ದೆ, ಅಲ್ಲಿ ಏನಾಗುತ್ತದೆಂದು ಹೇಳಿರಲಿಲ್ಲ. ಆಮೇಲೆ ಕ್ಲಾಸಿನಲ್ಲೂ ಅರ್ಧ ಪಾಠ ಮಾಡಿ ಬೆಲ್ ಆಯಿತೆಂದು ಎದ್ದು ಬಂದವಳಲ್ಲ.

ಮೂರು ವರ್ಷದ ಮೇಲೆ ನನಗೆ ನರಗುಂದಕ್ಕೆ ವರ್ಗವಾಯಿತು. ಆಕೆಯನ್ನು ಕೊನೆಯ ಸಲ ಕಂಡದ್ದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ಹೊರಟಾಗ ಓಡಿ ಬಂದು ಕಿಟಕಿಯಿಂದ ಒಂದು ಗಂಟು ತೂರಿಸಿದಳು. ಬಿಚ್ಚಿದರೆ ದ್ರಾಕ್ಷಿ, ಮೇಲೆಲ್ಲ ಬೂದಿ.

"ತೊಳದಿಲ್ರಿ ಅಕ್ಕಾರ!" ಧೂಳಿನೊಳಗಿಂದ ಕೂಗಿದಳು.