ಚಿಕ್ಕಮಾವನ ಯೂರೋಪು, ನನ್ನ ರೇಷ್ಮೆ ಹುಳು

ನಮ್ಮ ಚಿಕ್ಕಮಾವ ಕಾಫಿ ಕುಡಿದ ಲೋಟವನ್ನು ಎಂದೂ ಒಳಗೆ ಕಳಿಸುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೆ ಅದು ಫ್ರಾನ್ಸ್ ಆಗುತ್ತಿತ್ತು. ನನ್ನ ಗಂಡನ ದೊಡ್ಡ ಲೋಟ ಜರ್ಮನಿ; ಮಕ್ಕಳು ಹಾಲು ಕುಡಿದ ಪುಟ್ಟ ಲೋಟಗಳು ಬೆಲ್ಜಿಯಂ, ಲಕ್ಸೆಂಬರ್ಗ್. ನನ್ನ ರಂಗೋಲಿ ಡಬ್ಬಿಯ ಪುಡಿಯಲ್ಲಿ ರೈನ್ ನದಿ ಹರಿಯುತ್ತಿತ್ತು. ಬೆಲ್ಜಿಯಂನ ತಳದಲ್ಲಿ ಒಣಗಿದ ಕೆನೆಯನ್ನು ಕೆರೆಯುವುದು ಎಷ್ಟು ಕಷ್ಟ ಎಂಬುದು ಮಾತ್ರ ಯಾವ ಚರಿತ್ರೆಯಲ್ಲೂ ಇಲ್ಲ.

ಅವರು ನಮ್ಮ ಮಾವನವರ ತಮ್ಮ. ಧರ್ಮಪುರಿಯ ಶಾಲೆಯೊಂದರಲ್ಲಿ ತಮಿಳಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾಗಿ, ಹಳ್ಳಿಗೆ ಮರಳಿ ಪಕ್ಕದ ಮನೆಯಲ್ಲಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ಯೂರೋಪಿನ ದೇಶಗಳು ಒಂದಾಗುತ್ತಿವೆ ಎಂದು ರೇಡಿಯೊ ಹೇಳಿದರೆ ಅವರಿಗೆ ರೇಗುತ್ತಿತ್ತು.

"ಇದೇನು ನೆನ್ನೆ ಮೊನ್ನೇದಾ ತಾಯಿ? ಎರಡು ಮಹಾಯುದ್ಧದ ನಡುವೆ ಬಿತ್ತಿದ ಬೀಜ ಇದು! ಫ್ರಾನ್ಸಿನ ಮಂತ್ರಿ, ಜರ್ಮನಿ ಮಂತ್ರಿ ಒಂದೇ ಮೇಜಲ್ಲಿ ಉಂಡವ್ರೆ. ಉಕ್ಕಿನ ಕಾರ್ಖಾನೆ ಮುದಲಾಳಿಗಳು ಗಡಿ ದಾಟಿ ಪಾಲು ಪಂಗು ಹಂಚ್ಕೊಂಡವ್ರೆ. ಜಿನೀವಾದಲ್ಲಿ ಎಲ್ಲಾ ದೇಶಾನೂ ಸೇರಿಸಿ ಒಕ್ಕೂಟ ಮಾಡಾನ ಅಂದವ್ರೆ!"

"ಆಮೇಲೆ ಏನಾಯ್ತು ಚಿಕ್ಕಮಾವ?"

"ಕಮಿಟಿ ಮಾಡಿದ್ರು."

ನಾನು ಏರ್ಕಾಡಿನ ಕಾನ್ವೆಂಟಿನಲ್ಲಿ ಓದಿದವಳು. ಎದುರು ಮಾತಾಡದೆ ತಲೆಯಾಡಿಸುವುದನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಿದ್ದರು. ಹಾಗಾಗಿ ಊರಿನಲ್ಲಿ ಅವರಿಗೆ ಸಿಕ್ಕ ಒಬ್ಬಳೇ ಶಿಷ್ಯೆ ನಾನು.

ಆ ವರ್ಷ ನಾನು ಮೊದಲ ಬಾರಿಗೆ ಒಬ್ಬಳೇ ರೇಷ್ಮೆ ಹುಳು ಸಾಕಿದ್ದೆ. ಮನೆಯಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ; ಪಿಯಾನೊ ಮುಟ್ಟಿದ ಕೈ ಹುಳು ಮುಟ್ಟುತ್ತದೆಯೇ ಎಂದು ಅತ್ತೆ ನಕ್ಕಿದ್ದರು. ನಾಲ್ಕನೆಯ ಜ್ವರ ಎದ್ದ, ಎಂದರೆ ಕೊನೆಯ ಸಲ ಪೊರೆ ಕಳಚಿದ, ಹುಳುಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತಿತ್ತು. ಇನ್ನು ಕೆಲವು ದಿನ ಹೊಟ್ಟೆ ತುಂಬಿದರೆ ಗೂಡು ಕಟ್ಟುತ್ತವೆ. ಆಗಲೇ ಎದುರು ಮನೆಯ ಮಾರಣ್ಣನ ಕುರಿಗಳು ಬೇಲಿ ನುಗ್ಗಿ ನಮ್ಮ ಹಿಪ್ಪುನೇರಳೆ ತೋಟವನ್ನು ಬರಿ ಕಡ್ಡಿ ಮಾಡಿಬಿಟ್ಟವು.

ಚಿಕ್ಕಮಾವನ ತೋಟದಲ್ಲಿ ಸೊಪ್ಪು ಎದೆಯೆತ್ತರ ನಿಂತಿತ್ತು. ಅವರ ಮನೆಯಲ್ಲಿ ಆಗ ಹುಳುವೇ ಇರಲಿಲ್ಲ. ಹೋಗಿ ಕೇಳಿದೆ. ಅವರ ಮುಖ ಹಬ್ಬದ ಹಾಗೆ ಅರಳಿತು. ಕೊಡುವುದಕ್ಕಲ್ಲ, ಸಮ್ಮೇಳನ ಕರೆಯುವುದಕ್ಕೆ.

ಅಂದು ಸಂಜೆಯೇ ನಾವು, ಚಿಕ್ಕಮಾವ, ಮಾರಣ್ಣ ಜಗಲಿಯಲ್ಲಿ ಸೇರಿದೆವು. ಮೂರು ಮನೆಯ ತೋಟವೂ ಇನ್ನು ಒಂದೇ. ಪ್ರತಿ ಮನೆಗೂ ಒಂದೊಂದು ಮಾತು. ಮೂವರೂ ಒಪ್ಪದೆ ಒಂದು ಎಲೆಯನ್ನೂ ಕೀಳುವಂತಿಲ್ಲ ಎಂದು ಚಿಕ್ಕಮಾವ ತಾವೇ ಬರೆದ ಒಪ್ಪಂದ ಓದಿದರು.

"ಸರಿ ವಾತ್ಯಾರೇ, ಒಪ್ಪಿದೆ," ಎಂದ ಮಾರಣ್ಣ; ಮೇಷ್ಟರನ್ನು ಊರೆಲ್ಲ ಹಾಗೇ ಕರೆಯುತ್ತಿತ್ತು. ನಾವೂ ಒಪ್ಪಿದೆವು. ಒಪ್ಪದೆ ಉಳಿದವರು ಚಿಕ್ಕಮಾವ ಒಬ್ಬರೇ. ಒಪ್ಪಂದದ ಪೀಠಿಕೆ ಅವರಿಗೆ ಸಾಲಲಿಲ್ಲ. ಮರುದಿನ ತಿದ್ದಿದರು. ಅದರ ಮರುದಿನ, ತಿದ್ದಿದ್ದನ್ನು ತಿದ್ದಿದರು.

"ಇವತ್ತಿಗೆ ಒಂದು ಹೊರೆ ಕೊಡಿ ಚಿಕ್ಕಮಾವ. ಒಪ್ಪಂದ ಆಮೇಲೆ ಆಗಲಿ."

"ಒಪ್ಪಂದಕ್ಕೆ ಮುಂಚೆ ಕೊಟ್ರೆ ಅದು ದಾನ ಆಯ್ತದೆ ತಾಯಿ. ನಮಗೆ ಬೇಕಾಗಿರಾದು ಒಕ್ಕೂಟ."

ಹಸಿದ ರೇಷ್ಮೆ ಹುಳು ಸದ್ದು ಮಾಡುವುದಿಲ್ಲ. ತಟ್ಟೆಯ ಅಂಚಿಗೆ ತೆವಳಿ ಬಂದು, ತಲೆಯೆತ್ತಿ, ಗಾಳಿಯಲ್ಲಿ ಆ ಕಡೆ ಈ ಕಡೆ ಹುಡುಕುತ್ತದೆ. ಎಲ್ಲ ತಟ್ಟೆಗಳ ಅಂಚಿನಲ್ಲೂ ಹಾಗೆ ಸಾಲುಸಾಲು ತಲೆಗಳು. ನಾನು ಆ ಕೋಣೆಗೆ ಹೋಗುವುದನ್ನೇ ಬಿಟ್ಟೆ.

ಮರುದಿನ ಬೆಳಿಗ್ಗೆ ಮಾರಣ್ಣ ಯಾರನ್ನೂ ಕೇಳದೆ ಕುಡುಗೋಲು ಹಿಡಿದು ಚಿಕ್ಕಮಾವನ ತೋಟಕ್ಕೆ ಇಳಿದ.

"ಆಕ್ರಮಣ!" ಚಿಕ್ಕಮಾವ ಟವೆಲ್ ಸುತ್ತಿಕೊಂಡೇ ಓಡಿ ಬಂದರು. "ಲೇ ಮಾರ, ಇದು ಒಪ್ಪಂದಕ್ಕೆ ವಿರುದ್ಧ ಕಣ್ಲಾ!"

"ಯಾವ ಒಪ್ಪಂದ ವಾತ್ಯಾರೇ? ಇನ್ನೂ ಮುಗಿದಿಲ್ವಲ್ಲ. ನನ್ ಕುರಿ ಮೇಯ್ದಿದ್ದು ನಿಜ, ಇಲ್ಲ ಅನ್ನಕಿಲ್ಲ. ಉಳ ಸಾಯ್ತಾ ಐತೆ, ತಳ್ಳಿ ನಿಂತ್ಕೊಳಿ ಆ ಕಡೆ!"

ನಮಗೆ ಒಂದು ಹೊರೆ ತಂದು ಹಾಕಿದ. ಹಾಗೆಯೇ ತನ್ನ ಕುರಿಗೂ ಒಂದು ಹೊರೆ ಕಟ್ಟಿಕೊಂಡು ಹೋದ. ಪುಣ್ಯಾತ್ಮನೇ, ಆದರೆ ಪುಕ್ಕಟೆಯಲ್ಲ. ಚಿಕ್ಕಮಾವ ಕುಳಿತು ಖಂಡನಾ ನಿರ್ಣಯ ಬರೆದರು.

ಅರ್ಧದಷ್ಟು ಹುಳುಗಳು ಆಗಲೇ ಸತ್ತಿದ್ದವು. ಉಳಿದವು ತೆಳ್ಳಗೆ ಗೂಡು ಕಟ್ಟಿದವು. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಅತ್ತೆ ಈ ಸಲ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆಮೇಲೆ ನಾನು ಹುಳು ಸಾಕಲಿಲ್ಲ. ತಟ್ಟೆಗಳಲ್ಲಿ ಮೆಣಸಿನಕಾಯಿ ಒಣಗಿಸಿದೆ.

ದಶಕ ಮುಗಿಯುವ ಹೊತ್ತಿಗೆ ಚಿಕ್ಕಮಾವ ಹಾಸಿಗೆ ಹಿಡಿದರು. ಯೂರೋಪಿನ ಹಲವು ದೇಶಗಳಿಗೆ ಒಂದೇ ನಾಣ್ಯ ಬರುತ್ತದೆ ಎಂಬ ಸುದ್ದಿ ಬಂದಿತ್ತು. ಗಂಜಿ ಕೊಟ್ಟು ಹೇಳಿದೆ.

"ನೋಡ್ದಾ ತಾಯಿ, ಕೊನೆಗೂ ಒಂದಾದ್ರು."

"ನಡುವೆ ಒಂದು ಯುದ್ಧ ಆಯಿತಲ್ಲ ಚಿಕ್ಕಮಾವ. ಅಷ್ಟು ಜನ ಸತ್ತರಲ್ಲ."

ನಾನು ಅವರಿಗೆ ಎದುರಾಡಿದ್ದು ಅದೊಂದೇ ಸಲ. ಅವರು ಗಂಜಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮೊದ್ಲು ಕೊಟ್ಟೋನು ಏಮಾಂದು ಓಯ್ತಾನೆ ಅನ್ನಾ ಬಯ," ಎಂದರು. "ಮೋಸ ಓಗ್ಬಿಡ್ತೀನಿ ಅಂತ. ಅವ್ರಿಗೂ ಅದೇ ಬಯ. ನಂಗೂ ಅದೇ."

ಅಂದು ಸಂಜೆ ಅವರ ಸೊಸೆ ಒಂದು ದೊಡ್ಡ ಹೊರೆ ಹಿಪ್ಪುನೇರಳೆ ಸೊಪ್ಪು ತಂದು ನಮ್ಮ ಹೊಸಿಲ ಬಳಿ ಇಳಿಸಿದಳು. "ಮಾವ ಕಳಿಸವ್ರೆ ಅಕ್ಕ. ಯಾಕೆ ಅಂತ ಕೇಳಿದ್ರೆ ಬೈತಾರೆ." ಎಳೆಯ ಸೊಪ್ಪು, ಹನಿ ಇನ್ನೂ ಆರಿರಲಿಲ್ಲ. ಏನು ಮಾಡಲಿ? ಮಾರಣ್ಣನ ಕುರಿಗಳ ಮುಂದೆ ಸುರಿದು ಬಂದೆ.

ಅದೇ ವಾರ ಅವರು ತೀರಿಕೊಂಡರು. ಅದಕ್ಕೆ ಹಿಂದಿನ ದಿನ ಸೊಸೆಯ ಕೈಲಿ ಕೇಳಿ ಕಳಿಸಿದ್ದರು, ಹುಳು ಸೊಪ್ಪು ತಿಂದವಾ ಎಂದು.

ತಿಂದವು ಎಂದು ಹೇಳಿ ಕಳಿಸಿದೆ.